ಸೋಮವಾರದ ಸರಾಸರಿ

ಜನವರಿ 7, 2025, ಮಂಗಳವಾರ

ಪಶು ಆಹಾರದ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ದಿನಚರಿ ಪುಸ್ತಕ ಇದು. ಪ್ರತಿ ಪುಟದ ಕೆಳಗೂ ಒಂದು ಸೀಮೆಹಸು ನಗುತ್ತಿದೆ. ಬಿಸಾಡಲು ಮನಸ್ಸಾಗದೆ ಬರೆಯುತ್ತಿದ್ದೇನೆ. ಮೇಲಾಗಿ ಈ ಸಾಧನೆಗೆ ದಾಖಲೆ ಬೇಕು.

ತಾಂಡ್ಯದ ಹಾಲಿನ ಡೇರಿಗೆ ನಾನು ಗುತ್ತಿಗೆಯ ಮೇಲೆ ಬಂದು ಎರಡು ವರ್ಷವಾಯಿತು. 'ಕಂಪ್ಯೂಟರ್ ವಿಭಾಗ' ಎಂಬ ಬೋರ್ಡಿನ ಕೆಳಗೆ ಇರುವವನು ನಾನೊಬ್ಬನೇ. ನಂಜನಗೂಡು, ತಿರುಮಕೂಡಲು ನರಸೀಪುರ ಎರಡು ತಾಲ್ಲೂಕಿನ ನೂರ ಎಂಬತ್ತು ಹಳ್ಳಿಗಳ ಸಂಗ್ರಹಣಾ ಕೇಂದ್ರಗಳಿಂದ ಹಾಲು ಬರುತ್ತದೆ. ಯಾರು ಎಷ್ಟು ಲೀಟರ್ ಹಾಕಿದರು, ಅದರಲ್ಲಿ ಜಿಡ್ಡು ಎಷ್ಟು, ಅಂದರೆ ಫ್ಯಾಟ್ ಎಷ್ಟು, ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು. ಮೂರು ವರ್ಷಕ್ಕೆ ಮೂರು ಕೋಟಿ ಸಾಲು ಸೇರಿವೆ. ಪ್ರತಿ ಕೇಂದ್ರದ ತಿಂಗಳ ಸರಾಸರಿ ಫ್ಯಾಟ್ ಕೇಳಿದರೆ ಕಂಪ್ಯೂಟರ್ ಈ ಮೂರು ಕೋಟಿಯನ್ನೂ ಒಂದೊಂದಾಗಿ ಮುಟ್ಟಿ ನೋಡಿ ಬರುತ್ತದೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ಗುಂಡಿ ಒತ್ತಿದರೆ ಉತ್ತರ ಎಂಟೂ ಐವತ್ತಮೂರಕ್ಕೆ. ನಲವತ್ತಮೂರು ನಿಮಿಷ. ಅಷ್ಟರಲ್ಲಿ ಮೈಸೂರಿಗೆ ಹೋಗಿ ಮುಟ್ಟಬಹುದು.

ಆ ಹೊತ್ತಿನಲ್ಲಿ ಹಾಲು ಸಂಗ್ರಹಣೆಯ ಮೇಲ್ವಿಚಾರಕ ಪುಟ್ಟಬಸವಯ್ಯನವರು ನನ್ನ ಎದುರು ಕುಳಿತು ಟೀ ಕುಡಿಯುತ್ತಾರೆ. ಹಿಂದಿನ ದಿನದ ಪಟ್ಟಿ ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಯಾವುದೋ ಊರಿಗೆ ಫೋನ್ ಹಚ್ಚುತ್ತಾರೆ. "ಯಾಕ್ಲಾ, ನೆನ್ನೆ ನಿಮ್ಮೂರಲ್ಲಿ ಆಲು ಕಮ್ಮಿ? ಮದ್ವೆನಾ, ಸಾವಾ?" ಎಂದು ಕೇಳುತ್ತಾರೆ. ಕಂಪ್ಯೂಟರ್ ಯುಗದಲ್ಲಿ ಹೀಗೂ ಒಬ್ಬರು.

ಇವತ್ತು ಜಿ.ಎಂ. ಮಲ್ಲಿಕಾರ್ಜುನ್ ಸಾರ್ ಕರೆದರು. ಫೆಬ್ರವರಿ ಐದಕ್ಕೆ ದೊಡ್ಡ ಮೀಟಿಂಗ್ ಇದೆಯಂತೆ. ಸರಾಸರಿ ಫ್ಯಾಟ್ 4.2ಕ್ಕಿಂತ ಕಡಿಮೆ ಇರುವ ಕೇಂದ್ರಗಳನ್ನು ಮುಚ್ಚುವ ಪಟ್ಟಿ ಅಲ್ಲೇ ಪರದೆಯ ಮೇಲೆ ಬರಬೇಕಂತೆ. "ಸ್ವಿಚ್ ಹಾಕಿದ್ರೆ ಲೈಟ್ ಬಂದಂಗೆ ಬರ್ಬೇಕು ಅಮೃತೇಶ್. ನಿಮ್ಮ ಕಾಂಟ್ರಾಕ್ಟ್ ಮಾರ್ಚ್‌ಗೆ ಮುಗಿಯುತ್ತೆ ಅಲ್ವಾ?" ಎಂದರು. ಎರಡು ವಾಕ್ಯಕ್ಕೂ ಸಂಬಂಧವಿಲ್ಲ ಎಂಬಂತೆ ನಕ್ಕರು.

ಜನವರಿ 9, ಗುರುವಾರ

ಇಂಡೆಕ್ಸ್ ಹಾಕಿದೆ. ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಬರೆದಿರುತ್ತಾರಲ್ಲ, ಅಂಥದ್ದು. ದಿನಾಂಕದ ಪ್ರಕಾರ ಮೂರು ಕೋಟಿ ಸಾಲಿಗೂ ಹಾಕಿದೆ. ಹೆಂಡತಿ ಮಾನಸಳಿಗೆ ರಾತ್ರಿ ಊಟಕ್ಕೆ ಹೋಟೆಲಿಗೆ ಕರೆದೊಯ್ಯುತ್ತೇನೆಂದು ಹೇಳಿ ಬಂದಿದ್ದೆ.

ನಲವತ್ತೊಂದು ನಿಮಿಷ. ಮನೆಯಲ್ಲೇ ಊಟ ಮಾಡಿದೆವು.

ಜನವರಿ 18, ಶನಿವಾರ

ಸಿಕ್ಕಿತು. ನನ್ನ ಹಿಂದಿನವನು ಬರೆದಿಟ್ಟ ಪ್ರಶ್ನೆಯಲ್ಲೇ ಕೊಕ್ಕೆ. ಅದು ಒಂದೊಂದು ಸಾಲನ್ನೂ ಹಿಡಿದು "ನಿನ್ನದು ಯಾವ ತಿಂಗಳಪ್ಪಾ?" ಎಂದು ಕೇಳುತ್ತಿತ್ತು. ಹಾಗೆ ಕೇಳಿದರೆ ಇಂಡೆಕ್ಸ್ ಇದ್ದೂ ದಂಡ. "ಒಂದನೇ ತಾರೀಕಿನಿಂದ ಮೂವತ್ತೊಂದರವರೆಗೆ ಇರುವವರು ಮಾತ್ರ ಈಚೆ ಬನ್ನಿ" ಎಂದು ಬದಲಾಯಿಸಿದೆ. ಒಂಬತ್ತು ನಿಮಿಷಕ್ಕೆ ಇಳಿಯಿತು.

ಪುಟ್ಟಬಸವಯ್ಯನವರಿಗೆ ಸಂತೋಷವಿಲ್ಲ. "ಒಂಬತ್ ನಿಮಿಸಕ್ಕೆ ಟೀನೇ ಆರಲ್ಲ ಕಣಪ್ಪಾ. ಎರಡೂರಿಗೆ ಫೋನ್ ಮಾಡಾದ್ರೊಳಗೆ ಪ್ರಿಂಟು ಬಂದ್ಬುಡ್ತದೆ" ಎಂದರು. ಅವರ ದೂರನ್ನು ಪ್ರಶಸ್ತಿಪತ್ರ ಎಂದೇ ಸ್ವೀಕರಿಸಿದೆ.

ಜನವರಿ 23, ಗುರುವಾರ

ಜಿ.ಎಂ. ಹೇಳಿದ್ದು ಇಷ್ಟೇ: "ಒಂಬತ್ತು ನಿಮಿಷ ಮೀಟಿಂಗಲ್ಲಿ ಎಲ್ಲರೂ ಮುಖ ಮುಖ ನೋಡ್ಕೊಂಡು ಕೂರೋಕಾಗುತ್ತಾ?"

ಮುಖಗಳನ್ನು ನೆನೆಸಿಕೊಂಡೆ. ಆಗುವುದಿಲ್ಲ.

ಫೆಬ್ರವರಿ 1, ಶನಿವಾರ

ಎರಡು ಸೆಕೆಂಡ್.

ಇನ್ನೊಮ್ಮೆ ಬರೆಯುತ್ತೇನೆ, ಬರೆಯಲು ಹಿತವಾಗಿದೆ. ಎರಡು ಸೆಕೆಂಡ್.

ಉಪಾಯ ಸರಳ. ತಿಂಗಳ ಕೊನೆಯಲ್ಲಿ ಕೋಟಿ ಸಾಲನ್ನು ಯಾಕೆ ಎಬ್ಬಿಸಬೇಕು? ಪ್ರತಿ ರಾತ್ರಿ ಕಂಪ್ಯೂಟರೇ ಆ ದಿನದ ಸಾರಾಂಶ ಮಾಡಿ ಪಕ್ಕದ ಪಟ್ಟಿಯಲ್ಲಿ ಇಡಲಿ. ಒಂದು ಕೇಂದ್ರಕ್ಕೆ ದಿನಕ್ಕೆ ಒಂದೇ ಸಾಲು: ಆ ದಿನದ ಒಟ್ಟು ಲೀಟರ್, ಆ ದಿನದ ಸರಾಸರಿ ಫ್ಯಾಟ್. ತಿಂಗಳಿಗೆ ಮೂವತ್ತೊಂದು ಸಾಲು ಕೂಡಿ ಮೂವತ್ತೊಂದರಿಂದ ಭಾಗಿಸಿದರೆ ಮುಗಿಯಿತು.

ಹಳೆಯ ಉತ್ತರದೊಂದಿಗೆ ಹೋಲಿಸಿಯೂ ನೋಡಿದೆ, ನಾನು ಅಂಥ ಬೇಜವಾಬ್ದಾರಿಯವನಲ್ಲ. ಹತ್ತು ದೊಡ್ಡ ಕೇಂದ್ರ ತೆಗೆದುಕೊಂಡೆ. ಲೀಟರ್ ಲೆಕ್ಕ ತೊಟ್ಟೂ ತಪ್ಪದೆ ಕೂಡಿತು. ಫ್ಯಾಟ್‌ನಲ್ಲಿ ಅಲ್ಲಲ್ಲಿ 0.01, 0.02 ವ್ಯತ್ಯಾಸ ಬಂತು. ದಶಾಂಶದ ಹೊಟ್ಟು ಅದು, ಊದಿ ಹಾರಿಸಿದೆ.

ಇವತ್ತು ಹೋಟೆಲಿಗೆ ಹೋದೆವು.

ಫೆಬ್ರವರಿ 5, ಬುಧವಾರ

ಮೀಟಿಂಗ್‌ನಲ್ಲಿ ಗುಂಡಿ ಒತ್ತಿದೆ. ನಿರ್ದೇಶಕರೊಬ್ಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಹತ್ತೊಂಬತ್ತು ಕೇಂದ್ರಗಳು ಪರದೆಯ ಮೇಲೆ ಕೆಂಪಾಗಿ ನಿಂತಿದ್ದವು. ಚಪ್ಪಾಳೆ ತಟ್ಟಿದರು. ಮಾರ್ಚ್ ಒಂದರಿಂದ ಆ ಊರುಗಳಿಗೆ ಹಾಲಿನ ಲಾರಿ ಹೋಗುವುದಿಲ್ಲ.

ಹದಿನಾಲ್ಕನೆಯ ಹೆಸರು ಚಿಕ್ಕಕೊಪ್ಪಲು, 4.13.

ಅದು ಮುಡುಕುತೊರೆಯ ಹತ್ತಿರದ ಊರು, ಮಾನಸಳ ತವರು. ಅಲ್ಲಿ ಹಾಲು ಅಳೆಯುವವಳು ಅವಳ ದೊಡ್ಡವ್ವ ಚಿನ್ನಮ್ಮ. ಹನ್ನೊಂದು ವರ್ಷದಿಂದ ಅಳೆಯುತ್ತಿದ್ದಾಳೆ. ಅರವತ್ತೆರಡು ಮನೆಯವರು ಹಾಲು ಹಾಕುತ್ತಾರೆ. ಆ ಊರಿಂದ ಬೇರೆ ಡೇರಿಗೆ ಹೋಗಬೇಕೆಂದರೆ ಕ್ಯಾನು ಹೊತ್ತು ಐದು ಮೈಲಿ ನಡೆಯಬೇಕು.

ಬೇಸರವಾಯಿತು, ಸುಳ್ಳೇಕೆ. ಆದರೆ ಲೆಕ್ಕಕ್ಕೆ ನೆಂಟರಿಲ್ಲ. ಈ ಮಾತು ಚೆನ್ನಾಗಿದೆ ಎನ್ನಿಸಿ ಮಾನಸಳಿಗೂ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಫೆಬ್ರವರಿ 10, ಸೋಮವಾರ

ನೆನ್ನೆ ಚಿಕ್ಕಕೊಪ್ಪಲಿಗೆ ಹೋಗಿ ಉಳಿದಿದ್ದೆವು. ಸಮಾಧಾನ ಹೇಳಿ ಬರೋಣ ಎಂದು ನಾನೇ ಹೊರಡಿಸಿದ್ದು. ದೊಡ್ಡತ್ತೆ ಚಿನ್ನಮ್ಮ ಕೇಂದ್ರದ ಮಾತೇ ಎತ್ತಲಿಲ್ಲ. ಅವರೆಕಾಳು ಸಾರು, ಮುದ್ದೆ ಬಡಿಸಿ, "ಬಿಗುಮಾನ ಮಾಡ್ಬೇಡಿ ಅಳಿಯಂದ್ರೇ" ಎಂದು ಎರಡನೇ ಮುದ್ದೆಯನ್ನೂ ತಟ್ಟೆಗಿಟ್ಟಳು. ಬೈದಿದ್ದರೆ ಉಂಡದ್ದು ಅರಗುತ್ತಿತ್ತು.

ಇವತ್ತು ಬೆಳಿಗ್ಗೆ ಆರಕ್ಕೆ ನಾನೇ ಎದ್ದು ಕೇಂದ್ರಕ್ಕೆ ಹೋಗಿ ನೋಡಿದೆ. ಪಟ್ಟಿ ಸುಳ್ಳಲ್ಲ ಎಂಬುದನ್ನು ಕಣ್ಣಾರೆ ಕಾಣಬೇಕಿತ್ತು. ಕಂಡೆ. ಸಾಲೇ ಇಲ್ಲ. ಹೊರಗಿನಿಂದ ಬಂದು ತೋಟ ಮಾಡಿರುವ ಮೂರು ಮನೆಯವರು ಮಾತ್ರ ಸೀಮೆಹಸುವಿನ ಹಾಲು ತಂದರು, ತೆಳ್ಳಗೆ, ನೀಲಿ ಬಣ್ಣಕ್ಕೆ ತಿರುಗಿದ್ದು. ಯಂತ್ರದಲ್ಲಿ ಫ್ಯಾಟ್ 3.0. ಒಟ್ಟು ಹತ್ತು ಲೀಟರ್. ಕ್ಯಾನಿನ ತಳವೂ ಮುಳುಗಲಿಲ್ಲ. ಸಾಯುತ್ತಿರುವ ಕೇಂದ್ರ ಎಂದರೆ ಇದೇ.

ವಾಪಸು ಬಂದರೆ ಮನೆಯಲ್ಲಿ ಮಾತ್ರ ಹಾಲಿನ ಹೊಳೆ. ಒಲೆಯ ಮೇಲೆ ಎಮ್ಮೆ ಹಾಲು ಕೆನೆಗಟ್ಟಿ ಕಾಯುತ್ತಿತ್ತು, ಸಾಲಾಗಿ ನಾಲ್ಕು ಮಡಕೆ ಹೆಪ್ಪಿಗೆ ಕಾದಿದ್ದವು. ಪಕ್ಕದ ಮನೆಯಲ್ಲೂ ಹಾಗೆಯೇ. ಅಂಥ ಗಟ್ಟಿ ಕಾಫಿ ಕುಡಿದು ವರ್ಷವಾಗಿತ್ತು. ಎಂಟರ ಬಸ್ಸಿಗೆ ಹೊರಟೆವು.

ಫೆಬ್ರವರಿ 12, ಬುಧವಾರ

ಮಾನಸ ಮಾತು ಬಿಟ್ಟಿದ್ದಾಳೆ. ಅಡುಗೆ ಮಾತ್ರ ಬಿಟ್ಟಿಲ್ಲ. ಉಪ್ಪು ನನ್ನ ತಟ್ಟೆಗೆ ಮಾತ್ರ ಜಾಸ್ತಿ ಬೀಳುತ್ತಿದೆ ಎಂದು ಅನುಮಾನ.

ಆಫೀಸಿನಲ್ಲಿ ಪುಟ್ಟಬಸವಯ್ಯನವರೂ ಟೀಗೆ ಬರುವುದಿಲ್ಲ. ಎರಡು ಸೆಕೆಂಡಿಗೆ ಕುರ್ಚಿ ಎಳೆದುಕೊಳ್ಳುವುದೇತಕ್ಕೆ ಎನ್ನುತ್ತಾರೆ. ಊರುಗಳಿಗೆ ಫೋನೂ ಇಲ್ಲ. ಎಷ್ಟು ನಿಶ್ಶಬ್ದವಾಗಿದೆ ಎಂದರೆ ಫ್ಯಾನಿನ ಶಬ್ದ ಕೇಳುತ್ತಿದೆ. ಕೆಲಸಕ್ಕೆ ಒಳ್ಳೆಯದು.

ಫೆಬ್ರವರಿ 17, ಸೋಮವಾರ

ಸಂಜೆ ಮನೆಗೆ ಬಂದರೆ ದೊಡ್ಡತ್ತೆ ಕುಳಿತಿದ್ದಳು. ನಂಜುಂಡೇಶ್ವರನ ದರ್ಶನ ಮುಗಿಸಿ ಬಂದಿದ್ದಳು. ಪಕ್ಕದಲ್ಲಿ ಒಂದು ಡಬ್ಬ ತುಪ್ಪ, ಹಾಲು ಅಳೆದ ದಪ್ಪ ನೋಟ್‌ಬುಕ್ಕು.

"ಅಳಿಯಂದ್ರೇ, ನಾನು ಮೂರ್ನೇ ಕ್ಲಾಸು. ನಿಮ್ ಕಂಪ್ಯೂಟ್ರು ನಂಗೊತ್ತಿಲ್ಲ. ನಮ್ಮೂರ್ ಆಲು ನಾಕೂ ಮೂರು ಅಂತ ನನ್ ಬುಕ್ಕು ಯೋಳ್ತದೆ. ನಿಮ್ ಕಾಗ್ದ ನಾಕೂ ಒಂದು ಅಂತದೆ. ಮದ್ಯದಲ್ಲಿ ನೀರಾಕ್ದೋರು ಯಾರು?"

ಯಾರೂ ಅಲ್ಲ ದೊಡ್ಡತ್ತೆ ಎಂದು ಸಾವಧಾನವಾಗಿ ವಿವರಿಸಿದೆ. ದಿನದ ಫ್ಯಾಟ್ ತೆಗೆದುಕೊಳ್ಳುತ್ತೇವೆ, ಎಲ್ಲ ದಿನದ್ದೂ ಕೂಡುತ್ತೇವೆ, ದಿನಗಳ ಸಂಖ್ಯೆಯಿಂದ ಭಾಗಿಸುತ್ತೇವೆ.

"ಸ್ವಾಮಾರದ್ದೂವಾ?"

"ಸೋಮವಾರದ್ದೂ, ಎಲ್ಲ ದಿನದ್ದೂ."

"ಸ್ವಾಮಾರ ನಮ್ಮೂರಲ್ಲಿ ಆಲು ಮಾರಲ್ಲ, ನಿಮ್ಗೊತ್ತಿಲ್ವಾ? ಬೆಟ್ಟದ ಸ್ವಾಮಿ ದಿನ. ಅವತ್ತಿನ್ ಆಲು ಎಪ್ಪಾಕಿ, ಬೆಣ್ಣೆ ತಗ್ದು, ಮನೇಲೆ ಉಣ್ಬೇಕು ಅಂತ ಇರೀಕರ ಕಟ್ಟು. ಈ ತುಪ್ಪ ಅದೇಯ. ಅವತ್ತು ಬರಾದು ತೋಟದ ಮೂರ್ ಮನೆ ಸೀಮೆಅಸು ಆಲು. ಎರಡೊತ್ತೂ ಸೇರಿ ಇಪ್ಪತ್ ಲೀಟ್ರು. ಮಿಕ್ಕಿದ್ ದಿನ ನಾನೂರು."

ಆದರೂ ದಿನ ದಿನವೇ ಅಲ್ಲವೇ ಎಂದೆ. ನಿಯಮ ಎಲ್ಲರಿಗೂ ಒಂದೇ ಎಂದೂ ಹೇಳಿದೆನೆಂದು ನೆನಪು.

ಅವಳು ನನ್ನನ್ನು ಪಾಪ ಎನ್ನುವಂತೆ ನೋಡಿದಳು. ಆಮೇಲೆ ಬಚ್ಚಲ ಮನೆಯ ಕಡೆ ಕೈ ತೋರಿಸಿದಳು.

"ಅಲ್ಲಿ ಅಂಡೆ ತುಂಬಾ ತಣ್ಣೀರದೆ. ಒಂದ್ ಲೋಟ ಕುದ್ಯೋ ನೀರ್ ತಂದು ಅದ್ಕುಯ್ದ್ರೆ ಸ್ನಾನಕ್ಕಾಯ್ತದಾ?"

"ಎಲ್ಲಾಗುತ್ತೆ? ತಣ್ಣಗೇ ಇರುತ್ತೆ."

"ನಿಮ್ ಲೆಕ್ಕದಲ್ಲಿ ಉಗುರುಬೆಚ್ಚಗಾಯ್ತದೆ. ಅಂಡೇದು ಒಂದು, ಲೋಟದ್ದು ಒಂದು, ಕೂಡಿ ಎರಡ್ರಲ್ಲಿ ಭಾಗ. ಓಗಿ, ಮಿಂದು ಬನ್ನಿ."

ಮಾನಸ ನಕ್ಕಳು. ಐದು ದಿನದ ಮೇಲೆ ನಾನು ಕೇಳಿದ ಅವಳ ಮೊದಲ ಶಬ್ದ ಅದು. ನನಗೆ ನಗು ಬರಲಿಲ್ಲ.

ಫೆಬ್ರವರಿ 18, ಮಂಗಳವಾರ

ನೋಡಿದೆ. ಜನವರಿಯಲ್ಲಿ ನಾಲ್ಕು ಸೋಮವಾರ, ಇಪ್ಪತ್ತು ಲೀಟರಿನಂತೆ, ಫ್ಯಾಟ್ 3.0. ಉಳಿದ ಇಪ್ಪತ್ತೇಳು ದಿನ ನಾನೂರು ಲೀಟರಿನಂತೆ, 4.3. ನನ್ನ ಪಟ್ಟಿಯಲ್ಲಿ ಇಪ್ಪತ್ತು ಲೀಟರಿನ ದಿನಕ್ಕೂ ನಾನೂರು ಲೀಟರಿನ ದಿನಕ್ಕೂ ಒಂದೇ ತೂಕ. ಸರಾಸರಿಗಳ ಸರಾಸರಿ. ಕೈಯಲ್ಲೇ ಸರಿಯಾಗಿ ಮಾಡಿದೆ: 4.29.

ಕಾಲೇಜಿನ ಮೊದಲ ವರ್ಷದಲ್ಲಿ ಇದನ್ನೇ ಮಾಡಬೇಡಿ ಎಂದು ಕಲಿಸಿದ್ದರು. ನೂರಕ್ಕೆ ತೊಂಬತ್ತೊಂದು ಬಂದಿತ್ತು ನನಗೆ.

ಆ 0.02 ಹೊಟ್ಟಲ್ಲ. ದೊಡ್ಡ ಕೇಂದ್ರಗಳಲ್ಲಿ ದಿನವೂ ಒಂದೇ ಸಮ ಹಾಲು ಬರುತ್ತದೆ, ಅದಕ್ಕೇ ತಪ್ಪು ಸಣ್ಣದಾಗಿ ಕಂಡಿತು. ಬೇರೇನೂ ಬರೆಯಲು ಇಷ್ಟವಿಲ್ಲ.

ಫೆಬ್ರವರಿ 20, ಗುರುವಾರ

ಸಾರಾಂಶದ ಪಟ್ಟಿ ತಿದ್ದಿದೆ. ದಿನದ ಸರಾಸರಿ ಇಡುವುದೇ ಇಲ್ಲ ಈಗ. ಒಟ್ಟು ಲೀಟರ್, ಅದರಲ್ಲಿದ್ದ ಒಟ್ಟು ಜಿಡ್ಡು, ಎರಡನ್ನೂ ಬರಿದೇ ಕೂಡಿಡುವುದು, ಭಾಗಾಕಾರ ಕೊನೆಗೆ ಒಂದೇ ಸಲ. ಹತ್ತು ಸಾಲಿನ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಹನ್ನೊಂದು ವರ್ಷದ ಕೇಂದ್ರಕ್ಕೆ ನನ್ನ ದೊಣ್ಣೆ ಎರಡೇ ಸೆಕೆಂಡ್ ತೆಗೆದುಕೊಂಡಿತ್ತು.

ಹತ್ತೊಂಬತ್ತರಲ್ಲಿ ಹನ್ನೊಂದು ಕೇಂದ್ರ ಪಟ್ಟಿಯಿಂದ ಹೊರಗೆ ಬರುತ್ತವೆ. ಆದರೆ ಮುಚ್ಚುವ ಆದೇಶಕ್ಕೆ ಆಗಲೇ ಸಹಿ ಬಿದ್ದಿದೆ. ನಾನು ಬಾಯಿ ಬಿಟ್ಟು ಹೇಳದೆ ಅದು ಬದಲಾಗುವುದಿಲ್ಲ.

"ಹೇಳಿದ್ರೆ ನಿಮ್ ಕೆಲ್ಸ?" ಎಂದಳು ಮಾನಸ.

"ಹೇಳದಿದ್ರೆ ಉಪ್ಪು," ಎಂದೆ. ಅವಳು ನಗಲಿಲ್ಲ. ಕೈ ಹಿಡಿದುಕೊಂಡಳು. ಭಯವಾಗುತ್ತಿದೆ.

ಫೆಬ್ರವರಿ 21, ಶುಕ್ರವಾರ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಜಿ.ಎಂ. ಎದ್ದು ಬರಲಿಲ್ಲ, ಕುಳಿತೇ ಕೇಳಿದರು.

"ಈ ಚಿಕ್ಕಕೊಪ್ಪಲು ಯಾರದು?"

"ನನ್ನ ಹೆಂಡತಿಯ ಊರು ಸಾರ್. ಹಾಲು ಅಳೆಯೋರು ಅವಳ ದೊಡ್ಡಮ್ಮ."

"ಅಂದ್ರೆ ನಿಮ್ಮೋರ ಊರು ಪಟ್ಟಿಗೆ ಬಂದ ಮೇಲೆ ತಪ್ಪು ಕಾಣಿಸ್ತು."

ಇಲ್ಲ ಎನ್ನಲು ಬಾಯಿ ತೆರೆದೆ. ನೆನ್ನೆ ರಾತ್ರಿಯೆಲ್ಲ ಆ ಇಲ್ಲವನ್ನೇ ಸಿದ್ಧ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. "ಹೌದು ಸಾರ್. ಬೇರೆಯವರ ಊರಾಗಿದ್ದಿದ್ರೆ ನಾನು ನೋಡ್ತಾನೇ ಇರಲಿಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ನಿಮ್ಮ ಹೊಸ ಲೆಕ್ಕಾನೂ ಬೇಡ, ಅದಕ್ಕಿಂತ ಹೊಸ ಲೆಕ್ಕಾನೂ ಬೇಡ. ನೀವು ಕೈ ಹಾಕೋ ಮುಂಚೆ ಇತ್ತಲ್ಲ, ಅದನ್ನೇ ಓಡಿಸಿ. ಇಲ್ಲೇ, ನನ್ನೆದುರಿಗೆ."

ಇಂಡೆಕ್ಸ್ ತೆಗೆದುಹಾಕಿ, ಹಳೆಯ ಪ್ರಶ್ನೆಯನ್ನು ಇದ್ದಂತೆಯೇ ಓಡಿಸಿದೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು. ಐದು ನಿಮಿಷ ಜಿ.ಎಂ. ಫೋನ್ ನೋಡಿದರು. ಹತ್ತನೆಯ ನಿಮಿಷಕ್ಕೆ ಟೀ ತರಿಸಿದರು. ಟೀ ವಾಸನೆಗೋ ಏನೋ ಪುಟ್ಟಬಸವಯ್ಯನವರು ಬಾಗಿಲಲ್ಲಿ ಇಣುಕಿದರು. ಅವರನ್ನೂ ಕೂರಿಸಿದರು. ಇಪ್ಪತ್ತನೆಯ ನಿಮಿಷಕ್ಕೆ ಮಾಡಲು ಬೇರೇನೂ ತೋಚದೆ ಜಿ.ಎಂ. ಹತ್ತೊಂಬತ್ತು ಊರಿನ ಪಟ್ಟಿ ಕೈಗೆತ್ತಿಕೊಂಡು ಓದತೊಡಗಿದರು. "ಇದು ಎಲ್ಲಿ ಬರುತ್ತೆ?" ಎಂದು ಮೊದಲ ಸಲ ಕೇಳಿದರು. ಅವರು ಇಲ್ಲಿಗೆ ಬಂದು ನಾಲ್ಕು ವರ್ಷವಾಗಿದೆ.

ಪುಟ್ಟಬಸವಯ್ಯನವರು ಹೇಳಿದರು. ಇದು ಹೊಳೆ ದಂಡೆ ಸಾ, ಹುಲ್ಲು ಚೆನ್ನಾಗಿರ್ತದೆ. ಇಲ್ಲಿ ಅಮಾವಾಸ್ಯೆಗೆ ಹಾಲು ಕರೀದೆ ಕರುವಿಗೇ ಬಿಡ್ತಾರೆ. ಈ ಊರಲ್ಲಿ ವಾರಕ್ಕೊಂದು ದಿನ ಸಂತೆ, ಅವತ್ತು ಹೋಟೆಲಿನವರೇ ಕೊಂಡ್ಕೊಂಡು ಬಿಡ್ತಾರೆ. ಜಿ.ಎಂ. ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು.

ನಲವತ್ತಮೂರನೆಯ ನಿಮಿಷಕ್ಕೆ ಬಂತು. ಚಿಕ್ಕಕೊಪ್ಪಲು, 4.29.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜಿ.ಎಂ. ಪಟ್ಟಿಯಲ್ಲಿ ಹನ್ನೊಂದು ಹೆಸರಿಗೆ ಅಡ್ಡಗೆರೆ ಎಳೆದು, ಆಮೇಲೆ ಕೆಳಗೆ ಎರಡು ಹೊಸ ಹೆಸರು ಬರೆದರು. ಹಾಲು ಹೆಚ್ಚು ಬಂದ ದಿನವೇ ಫ್ಯಾಟ್ ಇಳಿಯುವ ಎರಡು ಊರು ನನ್ನ ತಪ್ಪು ಸರಾಸರಿಯ ಹಿಂದೆ ಅಡಗಿ ಕುಳಿತಿದ್ದವು. ಅದರಲ್ಲಿ ಒಂದು ಕವಲಂದೆ ಕಡೆಯದು, ಪುಟ್ಟಬಸವಯ್ಯನವರ ಸ್ವಂತ ಊರು.

ಹೊರಗೆ ಬಂದ ಮೇಲೆ ಕ್ಷಮಿಸಿ ಎಂದೆ. "ಯಾಕಪ್ಪಾ? ನೀರಾಕ್ತರೆ ಅಂತ ನಂಗೊತ್ತು. ನಮ್ ತಮ್ಮನೇ ಆಕಾದು. ಈ ಸಂಜೆ ಓಗಿ ಕಪಾಳಕ್ಕೆ ಬಿಟ್ರೆ ಬರೋ ತಿಂಗ್ಳು ಸರ‍್ಯಾಯ್ತದೆ" ಎಂದರು.

ಮಾರ್ಚ್ 1, ಶನಿವಾರ

ಬೆಳಿಗ್ಗೆ ಆರೂಕಾಲಿಗೆ ದೊಡ್ಡತ್ತೆ ಫೋನ್ ಮಾಡಿದಳು. "ಲಾರಿ ಬಂತು ಅಳಿಯಂದ್ರೇ" ಎಂದಳು. ಹಿಂದೆ ಕ್ಯಾನುಗಳ ಸದ್ದು, ಹೆಂಗಸರ ಮಾತು ಕೇಳುತ್ತಿತ್ತು. ಅವಳು ಇಡಲಿಲ್ಲ, ನಾನೂ ಇಡಲಿಲ್ಲ. ಕಣ್ಣು ಒದ್ದೆಯಾಯಿತು. ಇದನ್ನು ದಾಖಲಿಸುವ ಅಗತ್ಯವಿರಲಿಲ್ಲ.

ಮಾರ್ಚ್ 11, ಮಂಗಳವಾರ

ಗುತ್ತಿಗೆ ಆರು ತಿಂಗಳಿಗೆ ಮುಂದುವರಿಯಿತು. ಪತ್ರದಲ್ಲಿ 'ವರದಿಯ ವೇಗ ಹೆಚ್ಚಿಸಿದ್ದಕ್ಕಾಗಿ' ಮೆಚ್ಚುಗೆ ಇದೆ. ವರದಿ ಸರಿಯಾಗಿರುವ ಬಗ್ಗೆ ಯಾವ ಪ್ರಸ್ತಾಪವೂ ಇಲ್ಲ. ಅದರ ಜೊತೆಗೇ ಮುಖ್ಯ ಕಚೇರಿಯಿಂದ ಒಂದು ಮೇಲ್: 'ಎರಡು ಸೆಕೆಂಡಿನಲ್ಲಿ ಬರುತ್ತಿದ್ದ ವರದಿಗೆ ಈಗ ಮೂರು ಸೆಕೆಂಡ್ ಹಿಡಿಯುತ್ತಿದೆ. ಒಂದು ಸೆಕೆಂಡ್ ವಿಳಂಬಕ್ಕೆ ಕಾರಣ ತಿಳಿಸಿ.'

'ಸೋಮವಾರ' ಎಂದು ಬರೆದು ಕಳಿಸಿದೆ. ಅವರು ಮುಂದಿನ ಸೋಮವಾರದವರೆಗೆ ಕಾಯುತ್ತಾರೆ ಎಂದು ಕಾಣುತ್ತದೆ.

ಮಾರ್ಚ್ 12, ಬುಧವಾರ

ವಿಶೇಷವೇನಿಲ್ಲ. ಎಂಟೂ ಹತ್ತಕ್ಕೆ ಗುಂಡಿ ಒತ್ತಿದೆ, ಮೂರು ಸೆಕೆಂಡಿಗೆ ವರದಿ ಬಂತು. ಪುಟ್ಟಬಸವಯ್ಯನವರು ಕುರ್ಚಿ ಎಳೆದುಕೊಂಡು ಟೀ ಹಿಡಿದು ಬಂದರು. ಐದಾರು ಊರಿನ ಅಂಕಿ ಕೊಂಚ ವಿಚಿತ್ರವಾಗಿತ್ತು, ಅವರೊಂದಿಷ್ಟು ನಾನೊಂದಿಷ್ಟು ಫೋನ್ ಮಾಡಿದೆವು. ಒಂದೂರಲ್ಲಿ ಮದುವೆ. ಒಂದೂರಲ್ಲಿ ಯಂತ್ರ ಕೆಟ್ಟಿದೆ. ಇನ್ನೊಂದೂರಲ್ಲಿ ಹಾಲು ಅಳೆಯುವ ಜವರಮ್ಮನಿಗೆ ಮೊಮ್ಮಗಳು ಹುಟ್ಟಿದ್ದಾಳೆ, ಹೆಸರು ಇನ್ನೂ ಇಟ್ಟಿಲ್ಲ. ಫೋನ್ ಕೆಳಗಿಟ್ಟು ಗಡಿಯಾರ ನೋಡಿದರೆ ಎಂಟೂ ಐವತ್ತಮೂರು.